ಇಕೆಎಸ್ ಪಾಡ್‌ಗಳಿಗೆ ಐಪಿ ಸಾಲುತ್ತಿಲ್ಲ, ಟ್ರಾನ್ಸಿಟ್ ಗೇಟ್‌ವೇ ಮೂಲಕ ಡೇಟಾ ಸೆಂಟರ್‌ಗೂ ಜೋಡಿಸಬೇಕು: ವಿಳಾಸ ಹಂಚಿಕೆ ಹೇಗೆ?

ಹೊನ್ನೆಮರ (ಪ್ರಶ್ನೆ)

ನಮಸ್ಕಾರ. ಎಡಬ್ಲ್ಯುಎಸ್ ಮುಂಬೈ ರೀಜನ್‌ನಲ್ಲಿ ಒಂದು ಇಕೆಎಸ್ (ಎಡಬ್ಲ್ಯುಎಸ್ ನಡೆಸಿಕೊಡುವ ಕ್ಯೂಬರ್ನೆಟಿಸ್) ಕ್ಲಸ್ಟರ್ ಇದೆ. ವಿಪಿಸಿ (ಕ್ಲೌಡ್‌ನಲ್ಲಿನ ನಮ್ಮ ಖಾಸಗಿ ಜಾಲ) 10.40.0.0/20. ಮೂರು ಝೋನ್‌ಗಳಲ್ಲಿ ತಲಾ ಒಂದು /23 ಪ್ರೈವೇಟ್ ಸಬ್‌ನೆಟ್. ನೋಡ್ (ಯಂತ್ರ), ಪಾಡ್ (ಅದರಲ್ಲಿ ಓಡುವ ಕಂಟೇನರ್ ಘಟಕ), ಲೋಡ್ ಬ್ಯಾಲೆನ್ಸರ್ ಎಲ್ಲವೂ ಅದರಲ್ಲೇ. ಎಂ5.ಎಕ್ಸ್‌ಲಾರ್ಜ್ ನೋಡ್ 24 ಇವೆ, ಒಂದೊಂದರಲ್ಲಿ ಸುಮಾರು 40 ಪಾಡ್. ಅಮೆಜಾನ್ ವಿಪಿಸಿ ಸಿಎನ್‌ಐ (ಪಾಡ್‌ಗಳಿಗೆ ಐಪಿ ಕೊಡುವ ಪ್ಲಗಿನ್), ಎಲ್ಲ ಸೆಟ್ಟಿಂಗ್ ಡೀಫಾಲ್ಟ್.

ಈಗ ಹೊಸ ನೋಡ್ ಸೇರಿಸಿದರೂ ಪಾಡ್‌ಗಳು "ಕಂಟೇನರ್ ಕ್ರಿಯೇಟಿಂಗ್" ಹಂತದಲ್ಲೇ ನಿಲ್ಲುತ್ತಿವೆ. ಇವೆಂಟ್‌ನಲ್ಲಿ ಕಂಟೇನರ್‌ಗೆ ಐಪಿ ಕೊಡಲು ಆಗಲಿಲ್ಲ ಎಂಬ ಸಂದೇಶ. 24 ನೋಡ್, 960 ಪಾಡ್. ಮೂರು /23 ಅಂದರೆ 1,500ಕ್ಕೂ ಹೆಚ್ಚು ವಿಳಾಸ. ಲೆಕ್ಕ ಎಲ್ಲಿ ತಪ್ಪಿದೆ?

ಇದೇ ಕ್ಲಸ್ಟರ್ ಈಗ ಬೆಂಗಳೂರಿನ ಡೇಟಾ ಸೆಂಟರ್ ಜೊತೆ ಮಾತಾಡಬೇಕು. ಅಲ್ಲಿ ಒರಾಕಲ್ ಡೇಟಾಬೇಸ್ 10.8.16.0/22ರಲ್ಲಿದೆ. ಡೈರೆಕ್ಟ್ ಕನೆಕ್ಟ್ (ಎಡಬ್ಲ್ಯುಎಸ್‌ಗೆ ಖಾಸಗಿ ಲೈನ್) ಇದೆ, ಟ್ರಾನ್ಸಿಟ್ ಗೇಟ್‌ವೇ (ಹಲವು ಜಾಲಗಳನ್ನು ಜೋಡಿಸುವ ಕೇಂದ್ರ ರೂಟರ್) ಇದೆ. ನೆಟ್‌ವರ್ಕ್ ವಿಭಾಗದವರು 10ರ ಶ್ರೇಣಿಯಲ್ಲಿ ಇನ್ನೊಂದು /24ಕ್ಕಿಂತ ಹೆಚ್ಚು ಕೊಡಲಾಗದು ಎನ್ನುತ್ತಾರೆ. ಮುಂದಿನ ತಿಂಗಳು ಯುಎಟಿಗೆ (ಬಳಕೆದಾರರ ಪರೀಕ್ಷೆಗೆ) ಎರಡನೇ ಕ್ಲಸ್ಟರ್ ಬೇರೆ ವಿಪಿಸಿಯಲ್ಲಿ ಬರುತ್ತದೆ, ಅದೂ ಇದೇ ಟ್ರಾನ್ಸಿಟ್ ಗೇಟ್‌ವೇಗೆ.

ಪಾಡ್‌ಗಳನ್ನು 100.64ರ ಶ್ರೇಣಿಗೆ ಹಾಕಬಹುದು ಎಂದು ಓದಿದೆ. ಹಾಗೆ ಮಾಡಿದರೆ ಡೇಟಾ ಸೆಂಟರ್‌ಗೆ ಪಾಡ್‌ಗಳು ತಲುಪುತ್ತವೆಯೇ? ಅಲ್ಲಿನ ಅಪ್ಲಿಕೇಶನ್‌ಗಳು ಕ್ಲಸ್ಟರ್ ಒಳಗಿನ ಸರ್ವಿಸ್‌ಗಳನ್ನು ಕರೆಯುವುದು ಹೇಗೆ? ಡಿಎನ್ಎಸ್ ಏನು ಮಾಡಬೇಕು?


ಕಾಲುವೆ_ನೆಟ್

ಲೆಕ್ಕದಿಂದ ಶುರು ಮಾಡೋಣ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಎಂ5.ಎಕ್ಸ್‌ಲಾರ್ಜ್‌ಗೆ 4 ಇಎನ್‌ಐ (ವರ್ಚುವಲ್ ನೆಟ್‌ವರ್ಕ್ ಕಾರ್ಡ್), ಒಂದೊಂದಕ್ಕೆ 15 ವಿಳಾಸ. ಅದರಲ್ಲಿ ಒಂದು ಇಎನ್‌ಐಯದೇ ಸ್ವಂತದ್ದು, ಪಾಡ್‌ಗೆ ಸಿಗುವುದು 14. ನಿಮ್ಮ 40 ಪಾಡ್‌ಗೆ 3 ಇಎನ್‌ಐ ಬೇಕು. ಆದರೆ ಸಿಎನ್‌ಐ ಡೀಫಾಲ್ಟ್ ಆಗಿ ಒಂದು ಪೂರ್ತಿ ಇಎನ್‌ಐಯನ್ನು ಮುಂಗಡವಾಗಿ ಬಿಸಿ ಇಟ್ಟುಕೊಳ್ಳುತ್ತದೆ, ವಾರ್ಮ್ ಇಎನ್‌ಐ ಟಾರ್ಗೆಟ್ 1 ಅಂದರೆ ಅದೇ. ಹಾಗಾಗಿ ನೋಡ್‌ಗೆ 60 ವಿಳಾಸ ಹೋಯಿತು, 40 ಅಲ್ಲ. ಝೋನ್‌ಗೆ 8 ನೋಡ್, 480. /23ರಲ್ಲಿ 512, ಎಡಬ್ಲ್ಯುಎಸ್ ಪ್ರತಿ ಸಬ್‌ನೆಟ್‌ನಲ್ಲೂ 5 ಇಟ್ಟುಕೊಳ್ಳುವುದರಿಂದ 507. ಉಳಿದ 27ರಲ್ಲೇ ಲೋಡ್ ಬ್ಯಾಲೆನ್ಸರ್, ಇಕೆಎಸ್ ಕಂಟ್ರೋಲ್ ಪ್ಲೇನ್‌ನ ಇಎನ್‌ಐ ಎಲ್ಲ ಬರಬೇಕು. ಒಂಬತ್ತನೇ ನೋಡ್ ಬಂದ ಕೂಡಲೇ ಎರಡು ಇಎನ್‌ಐಗೆ 30 ಕೇಳುತ್ತದೆ. ಅಲ್ಲಿಗೆ ಮುಗಿಯಿತು.

ವಾರ್ಮ್ ಐಪಿ ಟಾರ್ಗೆಟ್ 5, ಮಿನಿಮಮ್ ಐಪಿ ಟಾರ್ಗೆಟ್ 40 ಎಂದು ಹಾಕಿದರೆ ನೋಡ್‌ಗೆ ಹತ್ತು ಹನ್ನೊಂದು ವಿಳಾಸ ಉಳಿಯುತ್ತದೆ. ಇವತ್ತು ಸಂಜೆ ಡಿಪ್ಲಾಯ್ ಮಾಡಲೇಬೇಕಿದ್ದರೆ ಅದು ಸಾಕು. ಆದರೆ ಅದೊಂದು ತೇಪೆ. ಟಾರ್ಗೆಟ್ ತೀರಾ ಕಡಿಮೆ ಮಾಡಿದರೆ ಪ್ರತಿ ಪಾಡ್‌ಗೂ ಇಸಿ2 ಎಪಿಐ ಕರೆ ಹೋಗಿ, ದೊಡ್ಡ ಕ್ಲಸ್ಟರ್‌ನಲ್ಲಿ ಥ್ರಾಟಲ್ ಆಗುತ್ತದೆ.

ನಿಜವಾಗಿ ತೀರ್ಮಾನವಾಗಬೇಕಾದ್ದು ಒಂದೇ: ಕ್ಲಸ್ಟರ್‌ನ ಯಾವ ವಿಳಾಸ ಹೊರಗಿನ ಜಾಲಕ್ಕೆ ಕಾಣಬೇಕು? ನೋಡ್ ಮತ್ತು ಲೋಡ್ ಬ್ಯಾಲೆನ್ಸರ್ ಕಂಡರೆ ಸಾಕು. ಪಾಡ್ ಕಾಣುವ ಅಗತ್ಯವೇ ಇಲ್ಲ. ನಿಮ್ಮ ಸಂಸ್ಥೆಗೆ 10ರ ಶ್ರೇಣಿ ಚಿನ್ನದಂಥದ್ದು. ನಿಮಿಷಕ್ಕೊಮ್ಮೆ ಹುಟ್ಟಿ ಸಾಯುವ ಪಾಡ್‌ಗಳ ಮೇಲೆ ಅದನ್ನು ಸುರಿಯಬಾರದು.

ಮಾಡುವ ಕ್ರಮ ಹೀಗೆ.

ವಿಪಿಸಿಗೆ 100.64.0.0/16 ಅನ್ನು ಎರಡನೇ ಸಿಐಡಿಆರ್ (ವಿಳಾಸ ಶ್ರೇಣಿ) ಆಗಿ ಸೇರಿಸಿ. ಒಂದು ಬ್ಲಾಕ್‌ಗೆ /16ಕ್ಕಿಂತ ದೊಡ್ಡದು ಸಿಗುವುದಿಲ್ಲ, ನಿಮಗೆ ಬೇಕಾಗಿಯೂ ಇಲ್ಲ. ಅದರಲ್ಲಿ ಝೋನ್‌ಗೊಂದು /18: 100.64.0.0/18, 100.64.64.0/18, 100.64.128.0/18. ಒಂದೊಂದರಲ್ಲೂ 16,384 ವಿಳಾಸ. ಮೊದಲು ಡೇಟಾ ಸೆಂಟರ್‌ನಲ್ಲಾಗಲೀ ಕಚೇರಿಯ ವಿಪಿಎನ್‌ನಲ್ಲಾಗಲೀ 100.64 ಬಳಕೆಯಲ್ಲಿದೆಯೇ ಎಂದು ಕೇಳಿಕೊಳ್ಳಿ. ಟೈಲ್‌ಸ್ಕೇಲ್ ಕೂಡ 100.64.0.0/10ರಿಂದಲೇ ವಿಳಾಸ ಕೊಡುತ್ತದೆ, ಡೆವಲಪರ್ ಲ್ಯಾಪ್‌ಟಾಪ್‌ಗಳಲ್ಲಿ ಅದಿದ್ದರೆ ಗೊಂದಲವಾಗುತ್ತದೆ.

ಹೊಸ ಸಬ್‌ನೆಟ್‌ಗಳನ್ನು ರೂಟ್ ಟೇಬಲ್‌ಗೆ ಕೈಯಾರೆ ಕಟ್ಟಿ. ಕಟ್ಟದಿದ್ದರೆ ಅವು ಮೇನ್ ರೂಟ್ ಟೇಬಲ್‌ಗೆ ಬೀಳುತ್ತವೆ, ಅದರಲ್ಲಿ ಬಹುಪಾಲು ಏನೂ ಇರುವುದಿಲ್ಲ.

ಆಮೇಲೆ ಝೋನ್‌ಗೊಂದು ಇಎನ್‌ಐ ಕಾನ್ಫಿಗ್ ಆಬ್ಜೆಕ್ಟ್. ಅದರ ಹೆಸರು ಝೋನ್‌ನ ಹೆಸರೇ ಆಗಿರಲಿ, ಒಳಗೆ ಆ ಝೋನ್‌ನ 100.64 ಸಬ್‌ನೆಟ್ ಐಡಿ ಮತ್ತು ಸೆಕ್ಯುರಿಟಿ ಗ್ರೂಪ್. ಇಲ್ಲಿ ಕ್ಲಸ್ಟರ್‌ನ ಸೆಕ್ಯುರಿಟಿ ಗ್ರೂಪ್ ಅನ್ನೇ ಕೊಡಿ. ಬೇರೆಯದು ಕೊಟ್ಟು, ನೋಡ್ ಮತ್ತು ಕಂಟ್ರೋಲ್ ಪ್ಲೇನ್‌ನಿಂದ ಅದಕ್ಕೆ ದಾರಿ ತೆರೆಯಲು ಮರೆತರೆ ಕೋರ್ ಡಿಎನ್ಎಸ್‌ಗೆ (ಕ್ಲಸ್ಟರ್ ಒಳಗಿನ ಡಿಎನ್ಎಸ್) ಹೋಗುವ ಪೋರ್ಟ್ 53 ನಿಲ್ಲುತ್ತದೆ, ಲೋಡ್ ಬ್ಯಾಲೆನ್ಸರ್ ಕಂಟ್ರೋಲರ್‌ನ ವೆಬ್‌ಹುಕ್ 9443 ಟೈಮ್‌ಔಟ್ ಆಗುತ್ತದೆ. ರೋಗ ಎಲ್ಲೋ, ನೋವು ಎಲ್ಲೋ ಎನ್ನುವಂಥ ದೋಷ ಅದು.

ಇದಾದ ಮೇಲೆ ಮಾತ್ರ ಎಡಬ್ಲ್ಯುಎಸ್-ನೋಡ್ ಡೀಮನ್‌ಸೆಟ್‌ನಲ್ಲಿ ಕಸ್ಟಮ್ ನೆಟ್‌ವರ್ಕಿಂಗ್ ಆನ್ ಮಾಡಿ, ಇಎನ್‌ಐ ಕಾನ್ಫಿಗ್ ಆರಿಸುವ ಲೇಬಲ್ ಆಗಿ ನೋಡ್‌ನ ಝೋನ್ ಲೇಬಲ್ ಕೊಡಿ. ಹಳೆಯ ನೋಡ್‌ಗಳು ಹೇಗಿದ್ದವೋ ಹಾಗೇ ಇರುತ್ತವೆ. ಹೊಸ ನೋಡ್ ಗ್ರೂಪ್ ಎಬ್ಬಿಸಿ, ಹಳೆಯದನ್ನು ಒಂದೊಂದಾಗಿ ಕಾರ್ಡನ್ ಮಾಡಿ (ಹೊಸ ಪಾಡ್ ಬರದಂತೆ ತಡೆದು) ಡ್ರೇನ್ ಮಾಡಬೇಕು (ಇರುವವನ್ನು ತೆರವುಗೊಳಿಸಬೇಕು).

ಗಮನಿಸಿ: ಕಸ್ಟಮ್ ನೆಟ್‌ವರ್ಕಿಂಗ್‌ನಲ್ಲಿ ಮೊದಲನೇ ಇಎನ್‌ಐ ಪಾಡ್‌ಗಳಿಗೆ ಸಿಗುವುದಿಲ್ಲ. ಎಂ5.ಎಕ್ಸ್‌ಲಾರ್ಜ್‌ನ ಮಿತಿ 58ರಿಂದ 3×14+2, ಅಂದರೆ 44ಕ್ಕೆ ಇಳಿಯುತ್ತದೆ. ಕ್ಯೂಬ್‌ಲೆಟ್‌ಗೆ (ನೋಡ್‌ನಲ್ಲಿ ಓಡುವ ಏಜೆಂಟ್) ಇದು ತಿಳಿಯದಿದ್ದರೆ ಶೆಡ್ಯೂಲರ್ 58ರವರೆಗೆ ಪಾಡ್ ಕಳಿಸುತ್ತಲೇ ಇರುತ್ತದೆ, ಹೆಚ್ಚಿನವು ಮತ್ತೆ ಐಪಿ ಇಲ್ಲದೆ ಕೂರುತ್ತವೆ. ಲಾಂಚ್ ಟೆಂಪ್ಲೇಟ್‌ನಲ್ಲಿ ನಿಮ್ಮದೇ ಎಎಂಐ ಇದ್ದರೆ ಮ್ಯಾಕ್ಸ್ ಪಾಡ್ಸ್ ನೀವೇ ಬರೆಯಬೇಕು: ಅಮೆಜಾನ್ ಲಿನಕ್ಸ್ 2ರಲ್ಲಿ ಬೂಟ್‌ಸ್ಟ್ರಾಪ್ ಸ್ಕ್ರಿಪ್ಟ್‌ಗೆ, 2023ರ ಆವೃತ್ತಿಯಲ್ಲಿ ನೋಡ್‌ಎಡಿಎಂ ಕಾನ್ಫಿಗ್‌ನ ಕ್ಯೂಬ್‌ಲೆಟ್ ಭಾಗಕ್ಕೆ.

44 ಸಾಲದು ಎನಿಸಿದರೆ ಪ್ರಿಫಿಕ್ಸ್ ಡೆಲಿಗೇಶನ್ ಆನ್ ಮಾಡಿ. ಆಗ ಒಂದೊಂದು ಸ್ಲಾಟ್‌ಗೂ ಒಂದು ವಿಳಾಸದ ಬದಲು /28, ಅಂದರೆ 16 ವಿಳಾಸ ಬರುತ್ತದೆ. ಲೆಕ್ಕದಲ್ಲಿ 674 ಬಂದರೂ 30 ವಿಸಿಪಿಯುಗಿಂತ ಕಡಿಮೆ ಇರುವ ನೋಡ್‌ಗೆ 110ರಲ್ಲೇ ನಿಲ್ಲಿಸಬೇಕು ಎನ್ನುವುದು ಶಿಫಾರಸು. ನೈಟ್ರೋ ಯಂತ್ರ ಬೇಕು, ಎಂ5 ನೈಟ್ರೋನೇ. ಹಳೆಯ, ಚೂರುಚೂರಾದ ಸಬ್‌ನೆಟ್‌ನಲ್ಲಿ ಇದನ್ನು ಹಾಕಿದರೆ ಒಟ್ಟಿಗೆ 16 ವಿಳಾಸದ ತುಂಡು ಸಿಗದೆ ಎಡವುತ್ತದೆ. ಹೊಸ /18ರಲ್ಲಿ ಆ ತೊಂದರೆ ಇಲ್ಲ.

ಇಷ್ಟಾದ ಮೇಲೆ 10.40ರಿಂದ ಒಂದು ನೋಡ್ ತಿನ್ನುವುದು ಒಂದೇ ವಿಳಾಸ. ಹೆಚ್ಚುವರಿ /24 ಕೇಳುವ ಅಗತ್ಯವೇ ಇಲ್ಲ.


ರೂಟ್_ಸಾಲು

ಡೇಟಾ ಸೆಂಟರ್ ಕಡೆಯ ಮಾತು ನಾನು ಸೇರಿಸುತ್ತೇನೆ.

100.64ರ ಪಾಡ್ ಡೇಟಾ ಸೆಂಟರ್ ತಲುಪುತ್ತದೆ, ಯಾಕೆಂದರೆ ಸಿಎನ್‌ಐನ ಎಕ್ಸ್‌ಟರ್ನಲ್ ಎಸ್‌ನ್ಯಾಟ್ ಡೀಫಾಲ್ಟ್ ಆಗಿ ಫಾಲ್ಸ್. ಹಾಗಿದ್ದಾಗ ವಿಪಿಸಿಯ ಸಿಐಡಿಆರ್‌ಗಳಿಂದ ಆಚೆ ಹೋಗುವ ಪ್ಯಾಕೆಟ್‌ಗಳ ಮೂಲ ವಿಳಾಸವನ್ನು ನೋಡ್ ತನ್ನ ಪ್ರೈಮರಿ ಐಪಿಗೆ ಬದಲಿಸುತ್ತದೆ. ಒರಾಕಲ್‌ಗೆ ಕಾಣುವುದು 10.40ರ ನೋಡ್ ವಿಳಾಸ. ಇದನ್ನು ಟ್ರೂ ಮಾಡಬೇಡಿ. ಮಾಡಿದರೆ ಪಾಡ್ ತನ್ನ 100.64 ವಿಳಾಸದಲ್ಲೇ ಹೊರಡುತ್ತದೆ, ಅತ್ತ ಹೋದ ಪ್ಯಾಕೆಟ್‌ಗೆ ವಾಪಸು ದಾರಿ ಇರುವುದಿಲ್ಲ. ಟ್ರೂ ಬೇಕೇ ಬೇಕು ಎನ್ನುವವರು 10.40ರ ಸಬ್‌ನೆಟ್‌ನಲ್ಲಿ ಪ್ರೈವೇಟ್ ನ್ಯಾಟ್ ಗೇಟ್‌ವೇ ಇಟ್ಟು, ಪಾಡ್ ಸಬ್‌ನೆಟ್‌ನ ರೂಟ್ ಅದರ ಕಡೆ ತಿರುಗಿಸಬೇಕು. ಕೆಲಸ ಆಗುತ್ತದೆ, ಆದರೆ ಗಂಟೆಗೂ ಗಿಗಾಬೈಟ್‌ಗೂ ದುಡ್ಡು, ಮೇಲೆ 350 ಸೆಕೆಂಡ್‌ನ ಐಡಲ್ ಟೈಮ್‌ಔಟ್.

ಇದರಿಂದ ಹುಟ್ಟುವ ಒಂದು ಸೂಕ್ಷ್ಮ ಬಹಳ ಜನರಿಗೆ ತಿಳಿದಿರುವುದಿಲ್ಲ. ವಿಪಿಸಿ ಒಳಗಿನ ಸಂಚಾರ ಪಾಡ್‌ನ ಇಎನ್‌ಐಯಿಂದ ಹೊರಡುತ್ತದೆ: ಅದಕ್ಕೆ 100.64 ಸಬ್‌ನೆಟ್‌ನ ರೂಟ್ ಟೇಬಲ್, ಇಎನ್‌ಐ ಕಾನ್ಫಿಗ್‌ನ ಸೆಕ್ಯುರಿಟಿ ಗ್ರೂಪ್. ವಿಪಿಸಿ ಹೊರಗಿನದು ನೋಡ್‌ನ ಮೊದಲನೇ ಇಎನ್‌ಐಯಿಂದ: ಅದಕ್ಕೆ ನೋಡ್ ಸಬ್‌ನೆಟ್‌ನ ರೂಟ್ ಟೇಬಲ್, ನೋಡ್‌ನ ಸೆಕ್ಯುರಿಟಿ ಗ್ರೂಪ್. ಟ್ರಾನ್ಸಿಟ್ ಗೇಟ್‌ವೇ ಕಡೆಯ ರೂಟ್ ಅನ್ನು ಪಾಡ್ ಸಬ್‌ನೆಟ್‌ನ ಟೇಬಲ್‌ನಲ್ಲಿ ಹಾಕಿ "ಯಾಕೆ ಹೋಗುತ್ತಿಲ್ಲ" ಎಂದು ತಲೆ ಕೆರೆದುಕೊಳ್ಳುವುದು ಇದರಿಂದಲೇ. ಅದು ಬೇಕಾದ್ದು ನೋಡ್ ಸಬ್‌ನೆಟ್‌ನ ಟೇಬಲ್‌ನಲ್ಲಿ.

ಟ್ರಾನ್ಸಿಟ್ ಗೇಟ್‌ವೇಯಲ್ಲಿ ನೋಡಬೇಕಾದ್ದು:

ಅಟ್ಯಾಚ್‌ಮೆಂಟ್‌ಗೆ ಪ್ರತಿ ಝೋನ್‌ನಲ್ಲೂ ಒಂದು ಪ್ರತ್ಯೇಕ /28 ಸಬ್‌ನೆಟ್ ಕೊಡಿ. ಯಾವ ಝೋನ್ ಬಿಟ್ಟಿರುತ್ತೀರೋ ಆ ಝೋನ್‌ನ ನೋಡ್‌ಗಳಿಗೆ ಗೇಟ್‌ವೇ ಸಿಗುವುದಿಲ್ಲ. ಮೂರರಲ್ಲಿ ಒಂದು ಭಾಗ ಪಾಡ್‌ಗಳು ಮಾತ್ರ ಸೋಲುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ.

ಗೇಟ್‌ವೇ ಕಲಿತ ದಾರಿಗಳು ವಿಪಿಸಿಯ ರೂಟ್ ಟೇಬಲ್‌ಗೆ ತಾವಾಗಿ ಬರುವುದಿಲ್ಲ. 10.8.0.0/16 ಅಥವಾ ಇಡೀ 10.0.0.0/8 ಅನ್ನು ಗೇಟ್‌ವೇ ಕಡೆಗೆ ನೀವೇ ಬರೆಯಬೇಕು. /8 ಬರೆದರೂ ವಿಪಿಸಿಯ ಸ್ವಂತ /20 ಹೆಚ್ಚು ನಿರ್ದಿಷ್ಟವಾದ್ದರಿಂದ ಒಳಗಿನದು ಕೆಡುವುದಿಲ್ಲ.

ಪ್ರಾಪಗೇಶನ್ (ವಿಪಿಸಿಯ ದಾರಿಗಳು ತಾವಾಗಿ ಗೇಟ್‌ವೇ ಟೇಬಲ್‌ಗೆ ಸೇರುವುದು) ಬಗ್ಗೆ ಎಚ್ಚರ. ಅದು ಆನ್ ಇದ್ದರೆ ವಿಪಿಸಿಯ ಎಲ್ಲ ಸಿಐಡಿಆರ್ ಗೇಟ್‌ವೇ ಟೇಬಲ್‌ಗೆ ಹೋಗುತ್ತದೆ, 100.64 ಸಮೇತ. ಯುಎಟಿ ವಿಪಿಸಿಗೂ ಅದೇ 100.64.0.0/16 ಕೊಟ್ಟಾಗ ಎರಡೂ ಡಿಕ್ಕಿ ಹೊಡೆಯುತ್ತವೆ. ವಿಳಾಸ ಅತಿಕ್ರಮಿಸಿದರೆ ನಂತರ ಬಂದ ವಿಪಿಸಿಯ ರೂಟ್ ಪ್ರಾಪಗೇಟ್ ಆಗುವುದಿಲ್ಲ. ಈ ಅಟ್ಯಾಚ್‌ಮೆಂಟ್‌ಗಳಿಗೆ ಪ್ರಾಪಗೇಶನ್ ಆಫ್ ಮಾಡಿ, 10.40.0.0/20ಕ್ಕೆ ಒಂದೇ ಒಂದು ಸ್ಟ್ಯಾಟಿಕ್ ರೂಟ್ ಹಾಕಿ. ಹೀಗಿದ್ದರೆ ಎಷ್ಟು ಕ್ಲಸ್ಟರ್ ಬಂದರೂ ಎಲ್ಲವೂ ಒಂದೇ 100.64 ಬಳಸಬಹುದು. ವಿಪಿಸಿ ಪಿಯರಿಂಗ್ ಮಾತ್ರ ಆಗದು, ಅತಿಕ್ರಮಿಸುವ ಸಿಐಡಿಆರ್ ಒಂದಿದ್ದರೂ ಅದು ಒಪ್ಪುವುದಿಲ್ಲ.

ಕೊನೆಯದಾಗಿ ಡೈರೆಕ್ಟ್ ಕನೆಕ್ಟ್ ಗೇಟ್‌ವೇಯ "ಅಲೌಡ್ ಪ್ರಿಫಿಕ್ಸ್" ಪಟ್ಟಿ. ಟ್ರಾನ್ಸಿಟ್ ಗೇಟ್‌ವೇ ಜೊತೆ ಜೋಡಿಸಿದಾಗ ಡೇಟಾ ಸೆಂಟರ್‌ಗೆ ಬಿಜಿಪಿಯಲ್ಲಿ (ರೂಟರ್‌ಗಳು ದಾರಿ ಹಂಚಿಕೊಳ್ಳುವ ಪ್ರೋಟೊಕಾಲ್) ಸಾರುವುದು ಈ ಪಟ್ಟಿಯನ್ನೇ. 10.40.0.0/20 ಅಲ್ಲಿ ಇಲ್ಲದಿದ್ದರೆ ಕ್ಲೌಡ್ ಕಡೆ ಎಲ್ಲ ಸರಿಯಾಗಿದ್ದೂ ಉತ್ತರ ಬರುವುದಿಲ್ಲ. ಎರಡು ದಿನ ಸೆಕ್ಯುರಿಟಿ ಗ್ರೂಪ್ ಹುಡುಕುವ ಮುನ್ನ ಡೇಟಾ ಸೆಂಟರ್ ರೂಟರ್‌ನಲ್ಲಿ ಈ ಪ್ರಿಫಿಕ್ಸ್ ಬಂದಿದೆಯೇ ಎಂದು ಕೇಳಿ, ಎರಡು ನಿಮಿಷದ ಕೆಲಸ.


ಸಹ್ಯಾದ್ರಿ_ಕ್ಲಸ್ಟರ್

ಹೊರಗಿನಿಂದ ಒಳಗೆ ಬರುವ ಕರೆ ಮತ್ತು ಡಿಎನ್ಎಸ್ ಉಳಿದಿದೆ.

ಒಳಗೆ ಬರಲು ಇಂಟರ್ನಲ್ ಎನ್ಎಲ್‌ಬಿ (ನೆಟ್‌ವರ್ಕ್ ಲೋಡ್ ಬ್ಯಾಲೆನ್ಸರ್), ಟಾರ್ಗೆಟ್ ಟೈಪ್ ಐಪಿ. ಎಡಬ್ಲ್ಯುಎಸ್ ಲೋಡ್ ಬ್ಯಾಲೆನ್ಸರ್ ಕಂಟ್ರೋಲರ್ ಹಾಕಿ, ಸರ್ವಿಸ್‌ನ ಅನೊಟೇಶನ್‌ನಲ್ಲಿ ಸ್ಕೀಮ್ ಇಂಟರ್ನಲ್ ಎಂದು ಹೇಳಿ. ಇಂಟರ್ನಲ್ ಇಎಲ್‌ಬಿ ಟ್ಯಾಗ್ ನೋಡ್‌ಗಳ 10.40 ಸಬ್‌ನೆಟ್‌ಗಳಿಗೆ ಮಾತ್ರ ಇರಲಿ. ಟೆರಾಫಾರ್ಮ್ ಮಾಡ್ಯೂಲ್‌ನಲ್ಲಿ ಎಲ್ಲ ಪ್ರೈವೇಟ್ ಸಬ್‌ನೆಟ್‌ಗೂ ಒಂದೇ ಟ್ಯಾಗ್ ಬೀಳುವುದು ಸಾಮಾನ್ಯ. ಆಗ ಎನ್ಎಲ್‌ಬಿ 100.64ರಲ್ಲಿ ಹೋಗಿ ಕೂತು, ಡೇಟಾ ಸೆಂಟರ್‌ಗೆ ಸಿಗದೇ ಹೋಗಬಹುದು. ಅನುಮಾನವಿದ್ದರೆ ಅನೊಟೇಶನ್‌ನಲ್ಲೇ ಸಬ್‌ನೆಟ್ ಐಡಿಗಳನ್ನು ಬರೆದುಬಿಡಿ. ಸಬ್‌ನೆಟ್‌ನಲ್ಲಿ ಕನಿಷ್ಠ 8 ವಿಳಾಸ ಖಾಲಿ ಇರಬೇಕು, ಈಗಿನ ನಿಮ್ಮ ಸ್ಥಿತಿಯಲ್ಲಿ ಅದೂ ಕಷ್ಟ.

ಕ್ಲೈಂಟ್ ಐಪಿ ಪ್ರಿಸರ್ವೇಶನ್ ಟಿಸಿಪಿಯ ಐಪಿ ಟಾರ್ಗೆಟ್‌ಗೆ ಡೀಫಾಲ್ಟ್ ಆಗಿ ಆಫ್, ಹಾಗೇ ಬಿಡಿ. ಆಫ್ ಇದ್ದಾಗ ಪಾಡ್‌ಗೆ ಕಾಣುವ ಮೂಲ ಎನ್ಎಲ್‌ಬಿಯ 10.40 ವಿಳಾಸ, ಉತ್ತರ ವಿಪಿಸಿ ಒಳಗೇ ತಿರುಗುತ್ತದೆ. ಆನ್ ಮಾಡಿದರೆ ಮೂಲ 10.8 ಆಗುತ್ತದೆ. ಮೇಲೆ ರೂಟ್_ಸಾಲು ಹೇಳಿದ ಹಾಗೆ ವಿಪಿಸಿ ಹೊರಗಿನ ವಿಳಾಸಕ್ಕೆ ಹೊರಡುವ ಉತ್ತರ ಸಿಎನ್‌ಐನ ಹಳೆಯ ಆವೃತ್ತಿಗಳಲ್ಲಿ ಬೇರೆ ಇಎನ್‌ಐ ಹಿಡಿಯಬಹುದು, ಬಂದ ದಾರಿ ಒಂದು, ಹೋಗುವ ದಾರಿ ಒಂದು. ಅಪ್ಲಿಕೇಶನ್‌ಗೆ ಕ್ಲೈಂಟ್ ವಿಳಾಸ ಬೇಕೇ ಬೇಕೆಂದರೆ ಪ್ರಾಕ್ಸಿ ಪ್ರೋಟೊಕಾಲ್ ಆವೃತ್ತಿ 2 ಬಳಸಿ. ಎನ್‌ಜಿನ್‌ಎಕ್ಸ್, ಎನ್ವಾಯ್ ಎರಡಕ್ಕೂ ಅದು ಅರ್ಥವಾಗುತ್ತದೆ.

ಡಿಎನ್ಎಸ್: ಡೇಟಾ ಸೆಂಟರ್‌ನ ಹೆಸರುಗಳಿಗೆ ರೂಟ್ 53 ರಿಸಾಲ್ವರ್‌ನ ಔಟ್‌ಬೌಂಡ್ ಎಂಡ್‌ಪಾಯಿಂಟ್, ಎರಡು ಝೋನ್‌ಗಳಲ್ಲಿ ಒಂದೊಂದು ಐಪಿ. ನಿಮ್ಮ ಒಳ ಡೊಮೇನ್‌ಗೆ ಫಾರ್ವರ್ಡ್ ರೂಲ್ ಬರೆದು ವಿಪಿಸಿಗೆ ಕಟ್ಟಿ. ರೂಲ್ ಬರೆದು ಕಟ್ಟಲು ಮರೆಯುವವರು ಬಹಳ. ಫೈರ್‌ವಾಲ್‌ನಲ್ಲಿ 53ನ್ನು ಯುಡಿಪಿ, ಟಿಸಿಪಿ ಎರಡಕ್ಕೂ ತೆರೆಸಿ. ಉತ್ತರ ದೊಡ್ಡದಾದಾಗ ಟಿಸಿಪಿಗೆ ಹೊರಳುತ್ತದೆ. ಕೋರ್ ಡಿಎನ್ಎಸ್‌ನಲ್ಲಿ ಏನೂ ಬದಲಿಸಬೇಕಿಲ್ಲ, ಅದು ನೋಡ್‌ನ ರಿಸಾಲ್ವರ್‌ಗೇ ಕಳಿಸುತ್ತದೆ. ಕೋರ್ ಡಿಎನ್ಎಸ್‌ನಿಂದ ನೇರ ಡೇಟಾ ಸೆಂಟರ್ ಸರ್ವರ್‌ಗೆ ಫಾರ್ವರ್ಡ್ ಮಾಡುವುದೂ ಉಂಟು. ಆದರೆ ಆಗ ಕ್ಲಸ್ಟರ್‌ಗೆ ಮಾತ್ರ ಹೆಸರು ತಿಳಿಯುತ್ತದೆ, ಅದೇ ವಿಪಿಸಿಯ ಲ್ಯಾಂಬ್ಡಾ, ಇಸಿ2ಗಳಿಗೆ ತಿಳಿಯದು.

ಒಂದು ಮಿತಿ ನೆನಪಿರಲಿ: ವಿಪಿಸಿಯ ರಿಸಾಲ್ವರ್‌ಗೆ ಒಂದು ಇಎನ್‌ಐಯಿಂದ ಸೆಕೆಂಡಿಗೆ 1,024 ಪ್ಯಾಕೆಟ್ ಮಾತ್ರ. ಎರಡು ಕೋರ್ ಡಿಎನ್ಎಸ್ ಪಾಡ್ ಒಂದೇ ಇಎನ್‌ಐ ಹಂಚಿಕೊಂಡರೆ ಬೇಗ ತುಂಬುತ್ತದೆ. ಪಾಡ್‌ಗಳಲ್ಲಿ ಎನ್‌ಡಾಟ್ಸ್ 5 ಇರುವುದರಿಂದ ಐದಕ್ಕಿಂತ ಕಡಿಮೆ ಚುಕ್ಕೆಯ ಹೆಸರಿಗೆ ಮೊದಲು ಸರ್ಚ್ ಪಟ್ಟಿಯ ನಾಲ್ಕೂ ಬಾಲ ಸೇರಿಸಿ ಕೇಳುತ್ತದೆ, ಆಮೇಲೆ ನಿಜವಾದ ಹೆಸರು. ಎ ಮತ್ತು ಕ್ವಾಡ್ ಎ ಎರಡೂ ಸೇರಿ ಒಂದು ಹೆಸರಿಗೆ 10 ಪ್ರಶ್ನೆ. ಡೇಟಾಬೇಸ್ ಹೆಸರಿನ ಕೊನೆಗೆ ಒಂದು ಚುಕ್ಕೆ ಇಟ್ಟರೆ ಅದು 2ಕ್ಕೆ ಇಳಿಯುತ್ತದೆ. ಕ್ಲಸ್ಟರ್ ದೊಡ್ಡದಾದರೆ ನೋಡ್ ಲೋಕಲ್ ಡಿಎನ್ಎಸ್ ಕ್ಯಾಶ್ ಹಾಕಿ.


ಹೊನ್ನೆಮರ

ಮೂವರಿಗೂ ಧನ್ಯವಾದ. ಕಸ್ಟಮ್ ನೆಟ್‌ವರ್ಕಿಂಗ್, ಪ್ರಿಫಿಕ್ಸ್ ಡೆಲಿಗೇಶನ್, ಸ್ಟ್ಯಾಟಿಕ್ ರೂಟ್ ಎಲ್ಲ ಆಯಿತು. ಐಪಿ ತೊಂದರೆ ಹೋಯಿತು. ಎರಡು ವಿಷಯ ಉಳಿದಿವೆ.

ಒಂದು: ಹೆಚ್ಚಿನ ಪಾಡ್‌ಗಳು ಒರಾಕಲ್‌ಗೆ ತಲುಪುತ್ತಿವೆ, ಆದರೆ ಪೇಮೆಂಟ್ ನೇಮ್‌ಸ್ಪೇಸ್‌ನವು ಒಂದೂ ತಲುಪುತ್ತಿಲ್ಲ. ಆ ಪಾಡ್‌ಗಳಿಗೆ ಪ್ರತ್ಯೇಕ ಸೆಕ್ಯುರಿಟಿ ಗ್ರೂಪ್ ಪಾಲಿಸಿ ಇದೆ, ಒರಾಕಲ್‌ನ ಪೋರ್ಟ್ 1521 ಹೊರಕ್ಕೆ ತೆರೆದಿದೆ.

ಎರಡು: ಸಂಪರ್ಕ ಆಗುವ ಪಾಡ್‌ಗಳಲ್ಲೂ ಸಣ್ಣ ಕ್ವೆರಿ ಬರುತ್ತದೆ, ದೊಡ್ಡ ಫಲಿತಾಂಶದ ಕ್ವೆರಿ ಅರ್ಧಕ್ಕೆ ನಿಂತುಬಿಡುತ್ತದೆ. ಎರರ್ ಕೂಡ ಇಲ್ಲ. ರಾತ್ರಿ ಸುಮ್ಮನಿದ್ದ ಕನೆಕ್ಷನ್ ಪೂಲ್ ಬೆಳಿಗ್ಗೆ ಮೊದಲ ಕ್ವೆರಿಗೆ ಸಾಯುತ್ತದೆ. ಇವೆರಡೂ ಒಂದೇ ದೋಷವೇ?


ರೂಟ್_ಸಾಲು

ಮೊದಲನೆಯದು ಸೆಕ್ಯುರಿಟಿ ಗ್ರೂಪ್ ಫಾರ್ ಪಾಡ್ಸ್‌ನ ಸ್ಟ್ರಿಕ್ಟ್ ಮೋಡ್. ಆ ಮೋಡ್‌ನಲ್ಲಿ ಅಂಥ ಪಾಡ್‌ಗಳ ಹೊರಹೋಗುವ ಸಂಚಾರಕ್ಕೆ ಎಸ್‌ನ್ಯಾಟ್ ನಡೆಯುವುದೇ ಇಲ್ಲ, ಅವು 100.64 ವಿಳಾಸದಲ್ಲೇ ಹೊರಡುತ್ತವೆ. ಎನ್‌ಫೋರ್ಸಿಂಗ್ ಮೋಡ್ ಅನ್ನು ಸ್ಟ್ಯಾಂಡರ್ಡ್ ಮಾಡಿ, ಆ ಪಾಡ್‌ಗಳನ್ನು ಅಳಿಸಿ ಮತ್ತೆ ಹುಟ್ಟಿಸಿ. ಹಳೆಯವು ಹಳೆಯ ಮೋಡ್‌ನಲ್ಲೇ ಇರುತ್ತವೆ. ಇದಕ್ಕೊಂದು ಬೆಲೆ ಇದೆ: ಸ್ಟ್ಯಾಂಡರ್ಡ್‌ನಲ್ಲಿ ವಿಪಿಸಿ ಹೊರಗೆ ಹೋಗುವುದಕ್ಕೆ ಪಾಡ್‌ನ ಸೆಕ್ಯುರಿಟಿ ಗ್ರೂಪ್ ಅಲ್ಲ, ನೋಡ್‌ನ ಪ್ರೈಮರಿ ಇಎನ್‌ಐಯ ಗ್ರೂಪ್ ಅನ್ವಯಿಸುತ್ತದೆ. ಪೇಮೆಂಟ್ ಪಾಡ್‌ಗೆ ಮಾತ್ರ 1521 ಎಂಬ ನಿಮ್ಮ ಉದ್ದೇಶ ಅಲ್ಲಿ ಸಡಿಲವಾಗುತ್ತದೆ. ಅದನ್ನು ನೆಟ್‌ವರ್ಕ್ ಪಾಲಿಸಿಯ ಐಪಿ ಬ್ಲಾಕ್‌ನಿಂದ ಕಟ್ಟಿ, ವಿಪಿಸಿ ಸಿಎನ್‌ಐ 1.14ರಿಂದ ಅದನ್ನು ತಾನೇ ಜಾರಿ ಮಾಡುತ್ತದೆ.

ಎರಡನೆಯದು ಎರಡು ಬೇರೆ ದೋಷ.

ಅರ್ಧಕ್ಕೆ ನಿಲ್ಲುವುದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ (ಬೈಟ್ ಲೆಕ್ಕ). ವಿಪಿಸಿ ಒಳಗೆ 9001, ಟ್ರಾನ್ಸಿಟ್ ಗೇಟ್‌ವೇಯಲ್ಲಿ 8500, ಡೈರೆಕ್ಟ್ ಕನೆಕ್ಟ್‌ನ ಟ್ರಾನ್ಸಿಟ್ ವಿಐಎಫ್‌ನಲ್ಲಿ (ವರ್ಚುವಲ್ ಇಂಟರ್‌ಫೇಸ್) ಜಂಬೊ ಆನ್ ಮಾಡದಿದ್ದರೆ 1500. ಅತ್ತ ಒರಾಕಲ್ ಸರ್ವರ್ ಜಂಬೊ ಫ್ರೇಮ್‌ನ ಜಾಲದಲ್ಲಿದ್ದರೆ ಎರಡೂ ತುದಿಗಳು ದೊಡ್ಡ ಎಂಎಸ್ಎಸ್ (ಒಂದು ಟಿಸಿಪಿ ತುಂಡಿನ ಗರಿಷ್ಠ ಗಾತ್ರ) ಒಪ್ಪಿಕೊಳ್ಳುತ್ತವೆ, ನಡುವಿನ ಕಿರಿದಾದ ಭಾಗ ಯಾರಿಗೂ ತಿಳಿಯದು. ಸಣ್ಣ ಉತ್ತರ ದಾಟುತ್ತದೆ, ದೊಡ್ಡದು ಬೀಳುತ್ತದೆ. ದಾರಿಯ ಫೈರ್‌ವಾಲ್ ಐಸಿಎಂಪಿ ತಡೆದಿದ್ದರೆ ಸರ್ವರ್‌ಗೆ ಸುದ್ದಿಯೂ ಬರುವುದಿಲ್ಲ. ಡೋಂಟ್ ಫ್ರಾಗ್ಮೆಂಟ್ ಹಾಕಿ 1472 ಬೈಟ್‌ನ ಪಿಂಗ್ ಕಳಿಸಿ, ಆಮೇಲೆ 1473. ಮೊದಲನೆಯದು ಹೋಗಿ ಎರಡನೆಯದು ನಿಂತರೆ ದಾರಿ 1500ರದ್ದೇ. ಬ್ಯಾಕಪ್ ದಾರಿ ಸೈಟ್ ಟು ಸೈಟ್ ವಿಪಿಎನ್ ಆಗಿದ್ದರೆ ಇನ್ನೂ ಕಡಿಮೆ, 1446.

ಪರಿಹಾರ: ಡೇಟಾ ಸೆಂಟರ್ ರೂಟರ್‌ನಲ್ಲಿ ಎಂಎಸ್ಎಸ್ ಕ್ಲ್ಯಾಂಪ್ ಮಾಡಿಸುವುದು ಅತ್ಯುತ್ತಮ. 1460 ಸಾಕು, ವಿಪಿಎನ್ ಬ್ಯಾಕಪ್ ಇದ್ದರೆ 1406. ಅದು ಆಗದಿದ್ದರೆ ಸಿಎನ್‌ಐನ ಇಎನ್‌ಐ ಎಂಟಿಯು 1500 ಮಾಡಿ ಹೊಸ ನೋಡ್ ತನ್ನಿ. ಪಾಡ್ ಸಾರುವ ಎಂಎಸ್ಎಸ್ಸೇ ಕಡಿಮೆಯಾಗಿ ಸರ್ವರ್ ತಾನಾಗಿ ಸಣ್ಣ ಪ್ಯಾಕೆಟ್ ಕಳಿಸುತ್ತದೆ. ಪಾಡ್‌ಗಳ ನಡುವಿನ ಜಂಬೊ ಲಾಭ ಮಾತ್ರ ಹೋಗುತ್ತದೆ.

ಬೆಳಿಗ್ಗೆ ಸಾಯುವ ಪೂಲ್: ದಾರಿಯಲ್ಲಿರುವ ಫೈರ್‌ವಾಲ್ ಸುಮ್ಮನಿರುವ ಸೆಷನ್ ಮರೆಯುತ್ತದೆ. ಲಿನಕ್ಸ್‌ನ ಕೀಪ್‌ಅಲೈವ್ ಶುರುವಾಗುವುದು 7,200 ಸೆಕೆಂಡಿಗೆ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದನ್ನು 120ಕ್ಕೆ ಇಳಿಸಿ. ಕ್ಯೂಬರ್ನೆಟಿಸ್ 1.29ರಿಂದ ಕೀಪ್‌ಅಲೈವ್ ಟೈಮ್ ಸುರಕ್ಷಿತ ಸಿಸ್‌ಕಂಟ್ರೋಲ್ ಪಟ್ಟಿಯಲ್ಲಿದೆ, ಪಾಡ್‌ನ ಸೆಕ್ಯುರಿಟಿ ಕಾಂಟೆಕ್ಸ್ಟ್‌ನಲ್ಲೇ ಬರೆಯಬಹುದು. ಆದರೆ ಸಾಕೆಟ್‌ನಲ್ಲಿ ಕೀಪ್‌ಅಲೈವ್ ಆನ್ ಆಗದ ಹೊರತು ಆ ಸಂಖ್ಯೆಗೆ ಅರ್ಥವಿಲ್ಲ: ಒರಾಕಲ್ ಕನೆಕ್ಟ್ ವಿವರಣೆಯಲ್ಲಿ "ಎನೇಬಲ್ = ಬ್ರೋಕನ್" ಸೇರಿಸಿದಾಗ ಅದು ಆನ್ ಆಗುತ್ತದೆ. ಡಿಬಿಎ ಒಪ್ಪಿದರೆ ಸರ್ವರ್ ಕಡೆ ಎಸ್‌ಕ್ಯುಎಲ್‌ನೆಟ್ ಎಕ್ಸ್‌ಪೈರ್ ಟೈಮ್ ಇನ್ನೂ ಸುಲಭ, ಅದು ನಿಮಿಷದ ಲೆಕ್ಕ.


ಬಯಲುಸೀಮೆ

ಇನ್ನೊಂದನ್ನು ಯಾರೂ ಕೇಳಿಲ್ಲ: ಆ ಕ್ಲಸ್ಟರ್‌ನ ಸರ್ವಿಸ್ ಸಿಐಡಿಆರ್ (ಸರ್ವಿಸ್‌ಗಳಿಗೆ ಕೊಡುವ ಒಳ ವಿಳಾಸಗಳ ಶ್ರೇಣಿ) ಎಷ್ಟು? ನೀವು ಹೇಳದಿದ್ದರೆ ಇಕೆಎಸ್ ತಾನೇ 10.100.0.0/16 ಅಥವಾ 172.20.0.0/16 ಆರಿಸಿಕೊಳ್ಳುತ್ತದೆ. ಅದು ನೋಡುವುದು ವಿಪಿಸಿಯನ್ನು ಮಾತ್ರ, ಡೇಟಾ ಸೆಂಟರ್‌ನಲ್ಲಿ ಏನಿದೆ ಎಂಬುದು ಅದಕ್ಕೆ ತಿಳಿಯದು.

ಅತ್ತ 172.20ರ ಯಾವುದಾದರೂ ಸರ್ವರ್ ಇದ್ದರೆ ದೋಷ ವಿಚಿತ್ರವಾಗಿ ಬರುತ್ತದೆ. ಕ್ಯೂಬ್ ಪ್ರಾಕ್ಸಿ ಐಪಿಟೇಬಲ್ಸ್ ಮೋಡ್‌ನಲ್ಲಿ ಹಿಡಿಯುವುದು ಇಡೀ /16 ಅಲ್ಲ, ಈಗ ಇರುವ ಸರ್ವಿಸ್‌ಗಳ ವಿಳಾಸ ಮಾತ್ರ. 172.20.8.25ರ ಮೇಲ್ ಸರ್ವರ್ ಆರು ತಿಂಗಳು ಸಿಗುತ್ತಿರುತ್ತದೆ. ಒಂದು ದಿನ ಯಾರೋ ಹೊಸ ಸರ್ವಿಸ್ ಮಾಡಿ ಅದಕ್ಕೆ ಅದೇ ಸಂಖ್ಯೆ ಬಿದ್ದರೆ, ಆ ಪೋರ್ಟ್‌ಗೆ ಹೋಗುವ ಪ್ಯಾಕೆಟ್ ಕ್ಲಸ್ಟರ್ ಒಳಗೇ ತಿರುಗುತ್ತದೆ. ಸರ್ವಿಸ್ ಸಿಐಡಿಆರ್ ಅನ್ನು ಆಮೇಲೆ ಬದಲಿಸಲಾಗದು, ಹೊಸ ಕ್ಲಸ್ಟರ್ ಒಂದೇ ದಾರಿ. ಯುಎಟಿ ಕ್ಲಸ್ಟರ್ ಇನ್ನೂ ಹುಟ್ಟಿಲ್ಲವಲ್ಲ, ಅದಕ್ಕೆ ಈಗಲೇ ಡೇಟಾ ಸೆಂಟರ್‌ನಲ್ಲಿ ಎಲ್ಲೂ ಇಲ್ಲದ ಒಂದು /20 ಕೇಳಿ ಕೊಡಿ. 4,096 ಸರ್ವಿಸ್ ನಿಮಗೆ ಧಾರಾಳ. ಈ ಶ್ರೇಣಿಯನ್ನು ಗೇಟ್‌ವೇಯಲ್ಲಿ ಸಾರುವುದೂ ಬೇಡ, ನೋಡ್‌ನ ಹೊರಗೆ ಅದಕ್ಕೆ ಬೆಲೆಯಿಲ್ಲ.


ಕಾಲುವೆ_ನೆಟ್

ಬಯಲುಸೀಮೆ ಅವರ ಮಾತು ಸರಿ. ಫೈರ್‌ವಾಲ್‌ನವರು ಮುಂದೆ ಖಂಡಿತ ಕೇಳುವುದಕ್ಕೂ ಈಗಲೇ ಸಿದ್ಧರಾಗಿ: "ನಮಗೆ ಎಲ್ಲ ಪಾಡ್‌ಗಳೂ ನೋಡ್ ವಿಳಾಸದಲ್ಲೇ ಕಾಣುತ್ತವೆ, ಪೇಮೆಂಟ್ ಯಾವುದು, ಉಳಿದದ್ದು ಯಾವುದು?" ಅದಕ್ಕೆ ಸರಳ ಉತ್ತರ, ಪೇಮೆಂಟ್‌ಗೆ ಪ್ರತ್ಯೇಕ ನೋಡ್ ಗ್ರೂಪ್, ಝೋನ್‌ಗೊಂದು /27 ನೋಡ್ ಸಬ್‌ನೆಟ್, ಟೇಂಟ್ ಮತ್ತು ಟಾಲರೇಶನ್ (ಬೇರೆ ಪಾಡ್‌ಗಳು ಆ ನೋಡ್‌ಗಳಿಗೆ ಬರದಂತೆ). ಆ ಮೂರು /27ಗಳಿಗೆ ಮಾತ್ರ ಅವರು 1521 ತೆರೆಯಬಹುದು. ಒಂದು /27ರಲ್ಲಿ 27 ನೋಡ್ ಹಿಡಿಯುತ್ತದೆ. ನೆಟ್‌ವರ್ಕ್ ವಿಭಾಗ ಕೊಡುತ್ತೇನೆ ಎಂದ ಆ /24 ಇದಕ್ಕೆ ಬಳಸಿ. ಅದನ್ನು ವಿಪಿಸಿಗೆ ಸೇರಿಸಿದಾಗ ಗೇಟ್‌ವೇಯ ಸ್ಟ್ಯಾಟಿಕ್ ರೂಟ್ ಮತ್ತು ಅಲೌಡ್ ಪ್ರಿಫಿಕ್ಸ್ ಎರಡರಲ್ಲೂ ಬರೆಯಿರಿ.

ಸಿಲಿಯಂನ ಎಗ್ರೆಸ್ ಗೇಟ್‌ವೇ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಒಂದು ಅಪ್ಲಿಕೇಶನ್‌ಗಾಗಿ ಇಡೀ ಸಿಎನ್‌ಐ ಬದಲಿಸುವುದನ್ನು ನಾನು ಹೇಳಲಾರೆ.

ಎಲ್ಲಿ ಪ್ಯಾಕೆಟ್ ಬೀಳುತ್ತಿದೆ ಎಂದು ಹುಡುಕುವಾಗ ವಿಪಿಸಿ ಫ್ಲೋ ಲಾಗ್‌ನ ಡೀಫಾಲ್ಟ್ ಫಾರ್ಮ್ಯಾಟ್ ಸಾಲದು. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಪ್ಯಾಕೆಟ್ ಸೋರ್ಸ್ ಮತ್ತು ಪ್ಯಾಕೆಟ್ ಡೆಸ್ಟಿನೇಶನ್ ವಿಳಾಸದ ಕಾಲಂ ಸೇರಿಸಿ. 100.64ರ ಮೂಲದ ಸಾಲು ಟ್ರಾನ್ಸಿಟ್ ಗೇಟ್‌ವೇಯ ಇಎನ್‌ಐ ಮೇಲೆ ಒಂದು ಕಂಡರೂ ಎಸ್‌ನ್ಯಾಟ್ ತಪ್ಪಿಸಿಕೊಂಡ ಪಾಡ್ ಇದೆ ಎಂದೇ ಅರ್ಥ. ನೋಡ್ ಒಳಗಿನದಕ್ಕೆ ಐಪಿಎಎಂಡಿ (ಸಿಎನ್‌ಐನಲ್ಲಿ ಐಪಿ ಹಂಚುವ ಭಾಗ) ಲಾಗ್ ನೋಡಿ, ಯಾವ ಇಎನ್‌ಐಗೆ ಯಾವ ಪ್ರಿಫಿಕ್ಸ್ ಬಂತು, ಯಾವುದು ಸಿಗಲಿಲ್ಲ ಎಂಬುದೆಲ್ಲ ಅಲ್ಲಿ ಬರೆದಿರುತ್ತದೆ.


ಹೊನ್ನೆಮರ

ಸ್ಟ್ಯಾಂಡರ್ಡ್ ಮೋಡ್‌ಗೆ ಬದಲಿಸಿ ಪಾಡ್ ಮತ್ತೆ ಹುಟ್ಟಿಸಿದ ಮೇಲೆ ಪೇಮೆಂಟ್ ನೇಮ್‌ಸ್ಪೇಸ್ ಒರಾಕಲ್‌ಗೆ ತಲುಪಿತು. ಪಿಂಗ್ 1472ಕ್ಕೆ ಹೋಯಿತು, 1473ಕ್ಕೆ ನಿಂತಿತು. ರೂಟರ್‌ನಲ್ಲಿ 1406ಕ್ಕೆ ಕ್ಲ್ಯಾಂಪ್ ಮಾಡಿಸಿದೆವು, ವಿಪಿಎನ್ ಬ್ಯಾಕಪ್ ಇರುವುದರಿಂದ. ದೊಡ್ಡ ಕ್ವೆರಿ ಈಗ ಪೂರ್ತಿ ಬರುತ್ತಿದೆ. ಸರ್ವಿಸ್ ಸಿಐಡಿಆರ್ ನೋಡಿದೆ: 172.20.0.0/16. ಡೇಟಾ ಸೆಂಟರ್‌ನಲ್ಲಿ ಆ ಶ್ರೇಣಿ ಬಳಕೆಯಲ್ಲಿದೆಯೇ ಎಂಬ ಪಟ್ಟಿ ಕೇಳಿದ್ದೇನೆ. ಯುಎಟಿಗೆ ಬೇರೆ /20 ಬರೆದಿಟ್ಟೆ.